ಎಸೆಯುವ ಮುನ್ನ ತೆರೆದು ನೋಡೋಣ

ನಮ್ಮ ಸಭಾಂಗಣದ ಸ್ಟೀರಿಯೋ ಆಂಪ್ಲಿಫೈಯರ್‌ನಲ್ಲಿ ಎಡಗಡೆ ಸದ್ದೇ ಇಲ್ಲ. ‘ಹೊಸದು ತರೋಣ’ ಎನ್ನುವವರೇ ಹೆಚ್ಚು. ನನ್ನ ಅಭಿಪ್ರಾಯ ಬೇರೆ: ಅದನ್ನು ಎಲೆಕ್ಟ್ರಾನಿಕ್ಸ್ ಲ್ಯಾಬಿಗೆ ಕೊಡಿ.

ಮೊದಲು ಸ್ವಿಚ್ ಆಫ್ ಮಾಡಿ, ಎಡ-ಬಲ ಇನ್‌ಪುಟ್ ವೈರ್‌ಗಳನ್ನು ಅದಲುಬದಲು ಮಾಡಬೇಕು. ಮೌನ ಬಲಕ್ಕೆ ಸರಿದರೆ ದೋಷ ವೈರ್‌ನಲ್ಲೋ ಮಿಕ್ಸರ್‌ನಲ್ಲೋ ಇದೆ. ಎಡದಲ್ಲೇ ಉಳಿದರೆ, ಎಡ ಸ್ಪೀಕರನ್ನು ಬಲ ಚಾನಲ್‌ಗೆ ಹಾಕಿ ನೋಡಬೇಕು. ಅದು ಹಾಡಿದರೆ ಆಂಪ್ಲಿಫೈಯರ್ ಕಡೆಯದೇ ತಪ್ಪು. ಒಳ್ಳೆಯ ಸ್ಪೀಕರನ್ನು ಮಾತ್ರ ಸತ್ತ ಚಾನಲ್‌ಗೆ ಹಾಕಬಾರದು, ಅಲ್ಲಿ ಡಿ.ಸಿ. ಬರುತ್ತಿದ್ದರೆ ಅದೂ ಸುಟ್ಟೀತು.

ಮುಂದಿನದು ಉಪನ್ಯಾಸಕರ ಎದುರಲ್ಲೇ ಆಗಬೇಕು. ಪ್ಲಗ್ ಕಿತ್ತ ಮೇಲೂ ದೊಡ್ಡ ಕೆಪ್ಯಾಸಿಟರ್‌ಗಳಲ್ಲಿ ಚಾರ್ಜ್ ಉಳಿದಿರುತ್ತದೆ. ಅದನ್ನು ಇಳಿಸಿಯೇ ಫ್ಯೂಸ್, ಔಟ್‌ಪುಟ್ ಟ್ರಾನ್ಸಿಸ್ಟರ್ ಅಳೆಯಬೇಕು. ಕಲೆಕ್ಟರ್-ಎಮಿಟರ್ ಶಾರ್ಟ್ ಆಗಿದೆಯೇ? ಸಂಶಯ ಬಂದರೆ ಪಕ್ಕದ ಚಾನಲ್‌ನಲ್ಲೂ ಅಳೆಯಿರಿ. ಎರಡೂ ಒಂದೇ ಸರ್ಕ್ಯೂಟ್. ಸರಿಯಿರುವುದೇ ಕೆಟ್ಟಿರುವುದಕ್ಕೆ ಗುರು.

ಟ್ರಾನ್ಸಿಸ್ಟರ್ ಚಿತ್ರ ಬರೆದು ಅಂಕ ಪಡೆಯುವ ನಾವು ಸುಟ್ಟ ಟ್ರಾನ್ಸಿಸ್ಟರನ್ನು ಕಂಡೇ ಇಲ್ಲ. ಬಿಡಿಭಾಗ ಬೇಕಾದರೆ ರೈಲು ಹತ್ತಿದರೆ ಬೆಂಗಳೂರಿನ ಎಸ್.ಪಿ. ರಸ್ತೆ ಇದೆ. ರಿಪೇರಿ ಆಗದಿದ್ದರೂ ಕಲಿತದ್ದು ಉಳಿಯುತ್ತದೆ. ಪ್ರಾಂಶುಪಾಲರೇ, ಗುಜರಿಗೆ ಹಾಕುವ ಮುನ್ನ ನಮಗೊಂದು ಶನಿವಾರ ಕೊಡಿ.