ಬಿಸಿಲಿನ ನಗರಕ್ಕೆ ಹೊರಡುವ ಮುನ್ನ ಮನೆಯ ಕಾಗದದ ಪೆಟ್ಟಿಗೆ

ಲೇಪಾಕ್ಷಿಯ ವೀರಭದ್ರ ದೇವಾಲಯದಲ್ಲಿ ತೂಗುಗಂಬದ ಕೆಳಗೆ ಬಟ್ಟೆಯೊಂದನ್ನು ಈ ಕಡೆಯಿಂದ ಆ ಕಡೆಗೆ ಎಳೆದು ಬೆರಗಾಗುವ ಪ್ರವಾಸಿಗರನ್ನು ಆ ಊರಿನ ಮಕ್ಕಳು ಹುಟ್ಟಿದಂದಿನಿಂದ ನೋಡುತ್ತಾ ಬೆಳೆಯುತ್ತಾರೆ. ಎಲ್ಲಿಂದಲೋ ಬಂದವರು, ಟೋಪಿ ಧರಿಸಿದವರು, ಕ್ಯಾಮೆರಾ ಹಿಡಿದವರು ಏಕಶಿಲೆಯ ನಂದಿಯ ಮುಂದೆ ನಿಂತು ಚಿತ್ರ ತೆಗೆಸಿಕೊಂಡು ಹೋಗುತ್ತಾರೆ. ಈಗ ಅದೇ ಸೀಮೆಯ ಮನೆಗಳಿಂದಲೂ ಜನ ಪ್ರವಾಸಿಗರಾಗಿ ಹೊರದೇಶಕ್ಕೆ ಹೊರಡುವ ಕಾಲ ಬಂದಿದೆ. ಬೆಂಗಳೂರಿಗೆ ಉದ್ಯೋಗಕ್ಕೆಂದು ಹೋದ ಮಗ, ಅಲ್ಲಿಂದ ಆಸ್ಟ್ರೇಲಿಯಾ ಸೇರಿ, ‘ರಜೆಗೆ ಎಲ್ಲರೂ ಒಮ್ಮೆ ಬನ್ನಿ’ ಎಂದು ಕರೆಯುವುದು ಇಂದು ಅಪರೂಪದ ಸಂಗತಿಯಲ್ಲ.

ಅಂತಹ ಒಂದು ಮನೆಯನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳಬಹುದು. ತಂದೆ ಹಿಂದೂಪುರದ ಮಾರುಕಟ್ಟೆಗೆ ರೇಷ್ಮೆಗೂಡು ಹಾಕುವ ರೈತ. ಮಗಳು ಕನ್ನಡ ಮಾಧ್ಯಮದ ಎಂಟನೆಯ ತರಗತಿಯ ವಿದ್ಯಾರ್ಥಿನಿ. ಚಿಕ್ಕಪ್ಪನಿರುವುದು ಪಶ್ಚಿಮ ಆಸ್ಟ್ರೇಲಿಯಾದ ರಾಜಧಾನಿ ಪರ್ತ್ ನಗರದಲ್ಲಿ. ಕರೆ ಬಂದ ದಿನ ಮನೆಯಲ್ಲಿ ಹಬ್ಬದ ಸಂಭ್ರಮ, ಆದರೆ ಅಜ್ಜಿಯ ಮನಸ್ಸಿನಲ್ಲಿ ಒಂದು ಅಳುಕು: “ಮಗು ಓದ್ತಿರೋದು ಕನ್ನಡ ಇಸ್ಕೂಲು. ಆ ಕಾಗದ ಅಷ್ಟು ದೂರ ನಡೀತೈತೇನಪ್ಪಾ?”

ಗಡಿನಾಡಿನ ಅನೇಕ ಹೆತ್ತವರ ಮನಸ್ಸಿನಲ್ಲಿ ಈ ಪ್ರಶ್ನೆಯಿದೆ. ಇದಕ್ಕೆ ಕಾನೂನಿನ ಉತ್ತರ ಸರಳವಾಗಿದೆ. ಮಾನ್ಯತೆ ಪಡೆದ ಶಾಲೆ ನೀಡಿದ ಪ್ರಮಾಣಪತ್ರ ಕನ್ನಡದಲ್ಲಿದ್ದ ಮಾತ್ರಕ್ಕೆ ಅದರ ಬೆಲೆ ಕಡಿಮೆಯಾಗುವುದಿಲ್ಲ. ಅದಕ್ಕೆ ಬೇಕಾದುದು ಇಂಗ್ಲಿಷ್ ಅನುವಾದವಷ್ಟೆ. ಪ್ರಯಾಣವನ್ನು ತಡೆಯುವುದು ಭಾಷೆಯಲ್ಲ, ಒಂದೊಂದು ಕಾಗದದಲ್ಲಿ ಒಂದೊಂದು ರೂಪ ತಾಳಿರುವ ಹೆಸರು. ಆದುದರಿಂದ ಪ್ರವಾಸದ ಸಿದ್ಧತೆ ವಿಮಾನದ ಟಿಕೆಟ್‌ನಿಂದಲ್ಲ, ಅಟ್ಟದ ಮೇಲಿರುವ ಕಾಗದದ ಪೆಟ್ಟಿಗೆಯಿಂದ ಆರಂಭವಾಗತಕ್ಕದ್ದು.

ಆ ಪೆಟ್ಟಿಗೆಯನ್ನು ತೆರೆದಾಗ ಸಾಮಾನ್ಯವಾಗಿ ಕಾಣುವುದಿಷ್ಟು. ಶಾಲೆಯ ದಾಖಲಾತಿ ಪುಸ್ತಕದಲ್ಲಿ ತಂದೆಯ ಹೆಸರು ‘ಮಂಜುನಾಥ’. ತೆಲುಗು ಮತ್ತು ಇಂಗ್ಲಿಷಿನಲ್ಲಿ ಅಚ್ಚಾದ ಆಧಾರ್ ಕಾರ್ಡಿನಲ್ಲಿ ಅದೇ ‘ಮಂಜುನಾಥ್’ ಆಗಿ, ಇಂಗ್ಲಿಷಿನ ಕೊನೆಯ ‘ಎ’ ಅಕ್ಷರ ಬಿಟ್ಟುಹೋಗಿದೆ. ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಹೆಸರಿನ ಮುಂದೆ ಊರಿನ ಇನಿಷಿಯಲ್ ಸೇರಿದೆ. ಪಡಿತರ ಚೀಟಿಯಲ್ಲಿ ತೆಲುಗು ರೂಢಿಯಂತೆ ಮನೆತನದ ಹೆಸರು ಮುಂದಕ್ಕೆ ಬಂದಿದೆ. ಊರಿನಲ್ಲಿ ಇವೆಲ್ಲವೂ ಒಬ್ಬನೇ ಮನುಷ್ಯನ ಹೆಸರೆಂದು ಎಲ್ಲರೂ ಬಲ್ಲರು. ಸಾವಿರಾರು ಕಿಲೋಮೀಟರ್ ದೂರದ ಕಚೇರಿಯಲ್ಲಿ ಕುಳಿತ ಅಧಿಕಾರಿಗೆ ಅವು ನಾಲ್ವರು ಬೇರೆ ಬೇರೆ ಮನುಷ್ಯರಂತೆ ಕಾಣಬಹುದು.

ಜಿಲ್ಲೆಯ ಹೆಸರಿನಲ್ಲಿಯೂ ಇಂತಹದೇ ತೊಡಕಿದೆ. 2022ರ ಏಪ್ರಿಲ್ 4ರಂದು ಶ್ರೀ ಸತ್ಯಸಾಯಿ ಜಿಲ್ಲೆ ರಚನೆಯಾದಾಗ ಹಿಂದೂಪುರ, ಲೇಪಾಕ್ಷಿ, ಮಡಕಶಿರಾ ಭಾಗಗಳು ಅದಕ್ಕೆ ಸೇರಿದವು. ಕಲ್ಯಾಣದುರ್ಗವು ಅನಂತಪುರದಲ್ಲಿಯೇ ಉಳಿಯಿತು. ಅದಕ್ಕೂ ಮುಂಚೆ ಹುಟ್ಟಿದ ಮಗುವಿನ ಜನನ ಪತ್ರದಲ್ಲಿ ಅನಂತಪುರ, ಇಂದಿನ ವಿಳಾಸದಲ್ಲಿ ಶ್ರೀ ಸತ್ಯಸಾಯಿ ಎಂದಿದ್ದರೆ ಅದು ತಪ್ಪಲ್ಲ. ಜನನ ಪತ್ರವನ್ನು ತಿದ್ದಿಸಲು ಹೊರಡುವ ಅಗತ್ಯವೂ ಇಲ್ಲ. ಕೇಳಿದಲ್ಲಿ ಈ ಕಾರಣವನ್ನು ಒಂದು ಸಾಲಿನಲ್ಲಿ ಬರೆದು ತಿಳಿಸಿದರೆ ಸಾಕು.

ಹೆಸರಿನ ದೋಷ ಮಾತ್ರ ತಿದ್ದುಪಡಿಯನ್ನು ಬೇಡುತ್ತದೆ. ಹಳ್ಳಿಗಳಲ್ಲಿ ನಾಮಕರಣಕ್ಕೆ ಮುಂಚೆಯೇ ಜನನ ನೋಂದಣಿಯಾಗಿ, ಪತ್ರದಲ್ಲಿ ಮಗುವಿನ ಹೆಸರಿನ ಜಾಗ ಖಾಲಿ ಉಳಿದಿರುವುದುಂಟು. 1969ರ ಜನನ ಮರಣ ನೋಂದಣಿ ಕಾಯ್ದೆಯ 14ನೆಯ ಕಲಮು ಆ ಹೆಸರನ್ನು ನಂತರ ಸೇರಿಸಲು ಅವಕಾಶ ನೀಡುತ್ತದೆ. ಮೊದಲ 12 ತಿಂಗಳು ಶುಲ್ಕವಿಲ್ಲ; ಆಮೇಲೆ ತಡ ಶುಲ್ಕ ಕಟ್ಟಿ 15 ವರ್ಷಗಳವರೆಗೆ ಸೇರಿಸಬಹುದು. ಅಕ್ಷರ ತಪ್ಪಾಗಿದ್ದರೆ ಅದನ್ನು ಸರಿಪಡಿಸಲು 15ನೆಯ ಕಲಮು ಇದೆ. ಇನ್ನು ಶಾಲೆಯ ದಾಖಲೆಯ ತಿದ್ದುಪಡಿಗೆ ಒಂದು ಗಡುವನ್ನು ನೆನಪಿಡಬೇಕು: ಹತ್ತನೆಯ ತರಗತಿಯ ನಾಮಿನಲ್ ರೋಲ್ ಪರೀಕ್ಷಾ ಮಂಡಳಿಗೆ ಹೋಗುವ ಮೊದಲೇ ಮುಖ್ಯೋಪಾಧ್ಯಾಯರನ್ನು ಕಂಡು ಹೆಸರು, ಹುಟ್ಟಿದ ದಿನ, ಹೆತ್ತವರ ಹೆಸರು ಇವನ್ನು ಸರಿಪಡಿಸಿಕೊಳ್ಳುವುದು ಸುಲಭ. ಅಂಕಪಟ್ಟಿ ಅಚ್ಚಾದ ಮೇಲೆ ಅದೇ ಕೆಲಸಕ್ಕೆ ಹತ್ತು ಪಟ್ಟು ಅಲೆದಾಟ.

ಪಾಸ್‌ಪೋರ್ಟ್ ನಿಯಮಗಳಿಗೆ 2025ರ ಫೆಬ್ರವರಿಯಲ್ಲಿ ಒಂದು ತಿದ್ದುಪಡಿಯಾಯಿತು. ಅದರಂತೆ 2023ರ ಅಕ್ಟೋಬರ್ 1ರಂದು ಅಥವಾ ಆನಂತರ ಹುಟ್ಟಿದವರಿಗೆ ಜನನ ಪ್ರಮಾಣಪತ್ರವೊಂದೇ ಹುಟ್ಟಿದ ದಿನಕ್ಕೆ ಆಧಾರ. ಅದಕ್ಕೂ ಮೊದಲು ಹುಟ್ಟಿದವರಿಗೆ ಶಾಲೆಯ ವರ್ಗಾವಣೆ ಪತ್ರ, ಹತ್ತನೆಯ ತರಗತಿಯ ಪ್ರಮಾಣಪತ್ರ ಮೊದಲಾದವೂ ಸಲ್ಲುತ್ತವೆ. ಕನ್ನಡ ಶಾಲೆಯ ಮುದ್ರೆಗೆ ಇಲ್ಲಿ ಯಾವ ಭೇದವೂ ಇಲ್ಲ. ಅಪ್ರಾಪ್ತ ವಯಸ್ಕರ ಪಾಸ್‌ಪೋರ್ಟಿಗೆ ತಂದೆತಾಯಿಗಳಿಬ್ಬರೂ ಸಹಿ ಮಾಡಿದ ಘೋಷಣೆ ಬೇಕು. ಅದರ ಅವಧಿ ಐದು ವರ್ಷ ಅಥವಾ ಮಗುವಿಗೆ 18 ತುಂಬುವವರೆಗೆ, ಯಾವುದು ಮೊದಲೋ ಅದು. ಅರ್ಜಿಯಲ್ಲಿ ಇನಿಷಿಯಲ್ಲನ್ನು ಹಾಗೆಯೇ ಬಿಡದೆ ಪೂರ್ಣವಾಗಿ ಬಿಡಿಸಿ ಬರೆಯುವುದು, ಮನೆಯವರೆಲ್ಲರೂ ಒಂದೇ ರೀತಿಯಲ್ಲಿ ಬರೆಯುವುದು ಮುಂದಿನ ಅನೇಕ ತೊಂದರೆಗಳನ್ನು ನಿವಾರಿಸುತ್ತದೆ.

ಪಾಸ್‌ಪೋರ್ಟ್ ಕೈಸೇರಿದ ಮೇಲೆ ವೀಸಾ. ಸಂದರ್ಶಕರಿಗಾಗಿ ಇರುವುದು 600ನೆಯ ಉಪವರ್ಗದ ವೀಸಾ. ಅರ್ಜಿ, ಶುಲ್ಕ, ದಾಖಲೆ ಎಲ್ಲವೂ ಆನ್‌ಲೈನ್ ಮೂಲಕ. ಮಂಜೂರಾದ ವೀಸಾ ಪಾಸ್‌ಪೋರ್ಟಿನಲ್ಲಿ ಅಂಟಿಸುವ ಚೀಟಿಯಾಗಿ ಬರುವುದಿಲ್ಲ, ಪತ್ರರೂಪದಲ್ಲಿ ಮಿಂಚಂಚೆಗೆ ಬರುತ್ತದೆ. ಅಧಿಕಾರಿ ತಿಳಿಯಬಯಸುವುದು ಮುಖ್ಯವಾಗಿ ಎರಡು: ಖರ್ಚನ್ನು ಯಾರು ನಿಭಾಯಿಸುವರು, ಮತ್ತು ಬಂದವರು ಮರಳಿ ಹೋಗುವರೇ. ಮೊದಲನೆಯದಕ್ಕೆ ಬ್ಯಾಂಕಿನ ವಿವರ, ಚಿಕ್ಕಪ್ಪನ ಆಹ್ವಾನ ಪತ್ರ, ಆತನ ಉದ್ಯೋಗದ ದಾಖಲೆ. ಎರಡನೆಯದಕ್ಕೆ ರೈತನ ಬಳಿ ಇರುವ ದೊಡ್ಡ ಸಾಕ್ಷಿಯೆಂದರೆ ಅವನ ಹೊಲ. ಮಗಳ ಬಳಿ ಇರುವುದು ಅವಳ ಶಾಲೆ. ರಜೆ ಎಂದು ಮುಗಿಯುತ್ತದೆ, ತರಗತಿ ಎಂದು ಆರಂಭವಾಗುತ್ತದೆ ಎಂದು ಮುಖ್ಯೋಪಾಧ್ಯಾಯರು ಬರೆದುಕೊಟ್ಟ ವ್ಯಾಸಂಗ ಪ್ರಮಾಣಪತ್ರ, ಆಕೆ ಹಿಂತಿರುಗಲಿದ್ದಾಳೆ ಎಂಬುದಕ್ಕೆ ಒಳ್ಳೆಯ ಆಧಾರ. ಅಜ್ಜಿಯ ಅಳುಕಿಗೆ ಇದಕ್ಕಿಂತ ಉತ್ತಮ ಸಮಾಧಾನ ಇರಲಾರದು.

ಭೂಮಿಯ ಒನ್-ಬಿ ಪತ್ರ ತೆಲುಗಿನಲ್ಲಿ, ಶಾಲೆಯ ಪತ್ರ ಕನ್ನಡದಲ್ಲಿ. ಎರಡಕ್ಕೂ ಇಂಗ್ಲಿಷ್ ಅನುವಾದ ಬೇಕು. ಆಸ್ಟ್ರೇಲಿಯಾದ ಹೊರಗೆ ಅನುವಾದ ಮಾಡುವವರು ಅಲ್ಲಿನ ಸಂಸ್ಥೆಯಿಂದ ಮಾನ್ಯತೆ ಪಡೆದಿರಬೇಕೆಂಬ ಕಡ್ಡಾಯವಿಲ್ಲ. ಆದರೆ ಅನುವಾದದ ಕೆಳಗೆ ತಮ್ಮ ಪೂರ್ಣ ಹೆಸರು, ವಿಳಾಸ, ದೂರವಾಣಿ ಸಂಖ್ಯೆ ಹಾಗೂ ಆ ಭಾಷೆಯಲ್ಲಿ ತಮಗಿರುವ ಅರ್ಹತೆ, ಅನುಭವಗಳನ್ನು ನಮೂದಿಸಬೇಕು. ಅನುವಾದಕರು ಹೆಸರುಗಳನ್ನು ತಮಗೆ ತೋಚಿದಂತೆ ಬರೆಯದೆ ಪಾಸ್‌ಪೋರ್ಟಿನಲ್ಲಿರುವಂತೆಯೇ ಬರೆದರೆ ಮತ್ತೊಂದು ಗೊಂದಲ ತಪ್ಪುತ್ತದೆ. ತಾಯಿ ಅಥವಾ ತಂದೆಯಲ್ಲಿ ಒಬ್ಬರು ಊರಿನಲ್ಲಿಯೇ ಉಳಿಯುವುದಾದರೆ, ಮಗುವಿನ ಪ್ರಯಾಣಕ್ಕೆ ಅವರ ಒಪ್ಪಿಗೆಯನ್ನು 1229ನೆಯ ನಮೂನೆಯಲ್ಲಿ ಕೊಡಬೇಕು. ಅಜ್ಜಿಗೆ 75 ತುಂಬಿದ್ದರೆ ವೈದ್ಯಕೀಯ ತಪಾಸಣೆಯೂ ಉಂಟು. ಆಸ್ಟ್ರೇಲಿಯಾದ ಸರಕಾರಿ ಆರೋಗ್ಯ ಯೋಜನೆ ಭಾರತದ ಪ್ರವಾಸಿಗರಿಗೆ ಅನ್ವಯಿಸದಿರುವುದರಿಂದ ಪ್ರಯಾಣ ವಿಮೆಯನ್ನು ಕೈಬಿಡುವುದು ಜಾಣತನವಲ್ಲ.

ಇಲ್ಲಿ ಒಂದು ಎಚ್ಚರಿಕೆ ಅತ್ಯಗತ್ಯ. ‘ಖಾತೆಯಲ್ಲಿ ಹಣವಿಲ್ಲದಿದ್ದರೂ ತೋರಿಸಿಕೊಡುತ್ತೇವೆ’ ಎನ್ನುವ ದಲ್ಲಾಳಿಗಳು ಎಲ್ಲ ಪಟ್ಟಣಗಳಲ್ಲಿಯೂ ಇದ್ದಾರೆ. ಸುಳ್ಳು ದಾಖಲೆ ಸಿಕ್ಕಿಬಿದ್ದರೆ ವೀಸಾ ನಿರಾಕರಣೆಯಾಗುವುದಲ್ಲದೆ, ಮೂರು ವರ್ಷಗಳ ಕಾಲ ಬಹುತೇಕ ತಾತ್ಕಾಲಿಕ ವೀಸಾಗಳ ಬಾಗಿಲು ಮುಚ್ಚುತ್ತದೆ. ದಂಡ ತೆರುವುದು ದಲ್ಲಾಳಿಯಲ್ಲ. ಅರ್ಜಿಯಲ್ಲಿ ಹೆಸರಿರುವ ಕುಟುಂಬ. ಮುಂದೆ ಅದೇ ಮಗಳು ಉನ್ನತ ವ್ಯಾಸಂಗಕ್ಕೆ ಹೋಗಬಯಸಿದಾಗ ಆ ಕಲೆ ಅವಳನ್ನು ಹಿಂಬಾಲಿಸಬಹುದು.

ಯಾವ ಕಾಲದಲ್ಲಿ ಹೋಗಬೇಕು? ಪರ್ತ್ ಆಸ್ಟ್ರೇಲಿಯಾದ ರಾಜಧಾನಿ ನಗರಗಳಲ್ಲೆಲ್ಲಾ ಹೆಚ್ಚು ಬಿಸಿಲು ಕಾಣುವ ನಗರ; ವರ್ಷಕ್ಕೆ ಸುಮಾರು 3,200 ಗಂಟೆ ಅಲ್ಲಿ ಸೂರ್ಯ ಬೆಳಗುತ್ತಾನೆ. ಆದರೆ ಋತುಗಳು ತಿರುವುಮುರುವು. ಸಂಕ್ರಾಂತಿಯ ಹೊತ್ತಿಗೆ ಅಲ್ಲಿ ಕಡುಬೇಸಗೆ, ಕೆಲವು ದಿನ 40 ಡಿಗ್ರಿ ದಾಟುವುದುಂಟು. ಜೂನ್, ಜುಲೈ ಅಲ್ಲಿ ಮಳೆಯೊಡಗೂಡಿದ ಚಳಿಗಾಲ. ಆಂಧ್ರದ ಶಾಲೆಗಳಿಗೆ ಬೇಸಗೆ ರಜೆ ಆರಂಭವಾಗುವ ಏಪ್ರಿಲ್ ಕೊನೆ, ಮೇ ಮೊದಲ ವಾರಗಳಲ್ಲಿ ಪರ್ತ್‌ನಲ್ಲಿ ಹಿತವಾದ ಶರತ್ಕಾಲ. ದಸರೆಯ ಹೊತ್ತಿಗೆ ಅಲ್ಲಿ ವಸಂತ, ಕಾಡುಹೂಗಳ ಕಾಲ. ಕೆಲವು ವರ್ಷ ಅಲ್ಲಿನ ಶಾಲೆಗಳ ಎರಡು ವಾರದ ರಜೆಯೂ ಅದೇ ಸಮಯಕ್ಕೆ ಕೂಡಿಬರುವುದರಿಂದ ಚಿಕ್ಕಪ್ಪನ ಮಕ್ಕಳೂ ಜೊತೆಗೆ ತಿರುಗಾಡಬಲ್ಲರು. ಲೇಪಾಕ್ಷಿಯಿಂದ ಕೋಡಿಕೊಂಡ, ಬಾಗೇಪಲ್ಲಿಗಳ ಮಾರ್ಗವಾಗಿ ದೇವನಹಳ್ಳಿಯ ವಿಮಾನ ನಿಲ್ದಾಣ. ಅಲ್ಲಿಂದ ಸಿಂಗಾಪುರ ಅಥವಾ ಕೌಲಾಲಂಪುರದಲ್ಲಿ ವಿಮಾನ ಬದಲಿಸಿ ಮುಂದಕ್ಕೆ ಹೋಗುವುದು ವಾಡಿಕೆಯ ದಾರಿ.

ಗಂಟು ಕಟ್ಟುವಾಗ ಅಜ್ಜಿಯ ಪ್ರೀತಿಗೆ ಸ್ವಲ್ಪ ಕಡಿವಾಣ ಬೇಕಾಗುತ್ತದೆ. ಮಾವಿನೆಲೆಯ ತೋರಣ, ಹಸಿ ಕರಿಬೇವು, ಬಿತ್ತನೆ ಬೀಜ, ಹಾಲಿನಿಂದ ಮಾಡಿದ ಪೇಡ, ಬರ್ಫಿ ಇವನ್ನು ಮನೆಯಲ್ಲಿಯೇ ಬಿಟ್ಟು ಹೊರಡುವುದು ಒಳಿತು. ಬೇರೆ ದೇಶದ ಕ್ರಿಮಿ, ರೋಗಗಳು ತಮ್ಮ ಹೊಲ, ಹಟ್ಟಿಗಳಿಗೆ ತಗುಲದಂತೆ ಆ ದೇಶ ಕಟ್ಟಿಕೊಂಡಿರುವ ಬೇಲಿಯಿದು. ಬೆಳೆಗೆ ರೋಗ ಬಿದ್ದಾಗಿನ ಸಂಕಟವನ್ನು ಬಲ್ಲ ರೈತ ಕುಟುಂಬಕ್ಕೆ ಇದರ ಮರ್ಮ ಬೇಗ ತಿಳಿಯುತ್ತದೆ. ವಿಮಾನದಲ್ಲಿ ಕೊಡುವ ಆಗಮನ ಚೀಟಿಯಲ್ಲಿ ಉಪ್ಪಿನಕಾಯಿ, ಚಟ್ನಿಪುಡಿ, ಕಡಲೆಕಾಯಿ ಯಾವುದೇ ಇರಲಿ, ‘ಆಹಾರವಿದೆ’ ಎಂದು ಗುರುತು ಮಾಡಬೇಕು. ಹೇಳಿದ ವಸ್ತುವನ್ನು ಪರೀಕ್ಷಿಸಿ ಬಿಡುವರು ಅಥವಾ ತೆಗೆದಿಡುವರು. ಮುಚ್ಚಿಟ್ಟರೆ ದಂಡ, ಗಂಭೀರ ಪ್ರಸಂಗಗಳಲ್ಲಿ ವೀಸಾ ರದ್ದತಿಯೂ ಆಗಬಹುದು. ಔಷಧಗಳ ಜೊತೆಗೆ ವೈದ್ಯರ ಚೀಟಿಯಿರಲಿ.

ಅನಂತಪುರ ಸೀಮೆಯ ಬಿಸಿಲಿನಲ್ಲಿ ಬೆಳೆದವರು ಪರ್ತ್‌ನ ಬಿಸಿಲನ್ನು ಹಗುರವಾಗಿ ಕಾಣುವ ಸಂಭವವಿದೆ. ಅದು ಸರಿಯಲ್ಲ. ಸೆಕೆ ಕಡಿಮೆಯಿದ್ದ ದಿನವೂ ಅಲ್ಲಿ ನೇರಳಾತೀತ ಕಿರಣಗಳು ತೀಕ್ಷ್ಣವಾಗಿರುತ್ತವೆ. ಚರ್ಮದ ಕ್ಯಾನ್ಸರ್ ಅತಿ ಹೆಚ್ಚಾಗಿರುವ ದೇಶಗಳಲ್ಲಿ ಆಸ್ಟ್ರೇಲಿಯಾ ಒಂದು. ಟೋಪಿ ಇಲ್ಲದ ಮಗುವಿಗೆ ಮೈದಾನದಲ್ಲಿ ಆಟವಿಲ್ಲ ಎಂಬುದು ಅಲ್ಲಿನ ಶಾಲೆಗಳ ರೂಢಿ. ಕಡಲಿನ ವಿಷಯದಲ್ಲಂತೂ ಸಲುಗೆ ಸಲ್ಲದು. ತೀರದಲ್ಲಿ ಕೆಂಪು ಹಳದಿ ಬಾವುಟಗಳ ನಡುವಿನ ನೀರಿನಲ್ಲಿ ಮಾತ್ರ ಇಳಿಯಬೇಕು; ಕಾವಲುಗಾರರ ಕಣ್ಣಿರುವುದು ಅಲ್ಲಿಯೇ. ಕೆರೆ, ಬಾವಿಗಳಲ್ಲಿ ಈಜು ಕಲಿತ ಧೈರ್ಯ ಸಾಗರದ ಸೆಳೆತದ ಮುಂದೆ ನಿಲ್ಲುವುದಿಲ್ಲ.

ನೋಡತಕ್ಕ ಸ್ಥಳಗಳಲ್ಲಿ ಕಿಂಗ್ಸ್ ಪಾರ್ಕ್, ಸ್ವಾನ್ ನದಿಯ ದಂಡೆ, ಫ್ರೀಮ್ಯಾಂಟಲ್ ಬಂದರು ಪಟ್ಟಣಗಳನ್ನು ಬಿಡುವಂತಿಲ್ಲ. ಫ್ರೀಮ್ಯಾಂಟಲ್‌ನ ಹಳೆಯ ಸೆರೆಮನೆ 2010ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಆಸ್ಟ್ರೇಲಿಯಾದ 11 ಕೈದಿ ನೆಲೆಗಳಲ್ಲಿ ಒಂದು. ಲೇಪಾಕ್ಷಿಯ ದೇವಾಲಯವೂ ನಂದಿಯೂ 2022ರಿಂದ ಅದೇ ಪಟ್ಟಿಯ ಹೊಸಿಲಿನಲ್ಲಿ, ಪ್ರಸ್ತಾವಿತ ತಾಣಗಳ ಸಾಲಿನಲ್ಲಿ ನಿಂತಿವೆ ಎಂಬುದನ್ನು ಮಗಳು ಅಲ್ಲಿನ ಗೆಳತಿಯರಿಗೆ ಹೇಳಬಹುದು.

ಬಂದರಿನಿಂದ ಹಡಗಿನಲ್ಲಿ ಹೋಗಬಹುದಾದ ರಾಟ್‌ನೆಸ್ಟ್ ದ್ವೀಪದ ಕಥೆ ಮಕ್ಕಳಿಗೆ ವಿಶೇಷವಾಗಿ ತಿಳಿಯತಕ್ಕದ್ದು. 1696ರಲ್ಲಿ ಡಚ್ಚರ ನಾವಿಕ ವಿಲೆಮ್ ಡಿ ವ್ಲಾಮಿಂಗ್ ಅಲ್ಲಿನ ಕ್ವೋಕಾ ಎಂಬ ಪುಟ್ಟ ಪ್ರಾಣಿಗಳನ್ನು ದೊಡ್ಡ ಇಲಿಗಳೆಂದು ಭ್ರಮಿಸಿ ‘ಇಲಿಗಳ ಗೂಡು’ ಎಂಬ ಅರ್ಥದ ಹೆಸರಿಟ್ಟನು. ನಿಜದಲ್ಲಿ ಅವು ಕಾಂಗರೂವಿನ ಬಳಗದವು. ಅಲ್ಲಿನ ಮೂಲನಿವಾಸಿ ನೂಂಗಾರ್ ಜನರ ಭಾಷೆಯಲ್ಲಿ ಆ ದ್ವೀಪಕ್ಕೆ ಬಹು ಹಿಂದಿನಿಂದಲೂ ‘ವಾಜೆಮಪ್’ ಎಂಬ ಹೆಸರಿತ್ತು. 1838ರಿಂದ ಸುಮಾರು ಒಂದು ಶತಮಾನ ಕಾಲ ಅದೇ ಜನರನ್ನು ಸೆರೆಯಲ್ಲಿಟ್ಟ ನೆಲವೂ ಅದೇ. ಇಂದು ದ್ವೀಪದ ಎರಡು ಹೆಸರುಗಳನ್ನೂ ಜೊತೆಯಾಗಿ ಬಳಸಲಾಗುತ್ತಿದೆ.

ಆ ಎರಡು ಹೆಸರುಗಳನ್ನು ಓದುವಾಗ, ತೆಲುಗು ಫಲಕದ ಊರಿನಲ್ಲಿ ಕನ್ನಡ ಪುಸ್ತಕ ಹಿಡಿದು ಶಾಲೆಗೆ ನಡೆಯುವ ಹುಡುಗಿಗೆ ಯಾರೂ ವಿವರಿಸಿ ಹೇಳಬೇಕಾಗಿಲ್ಲ. ಹೆಸರನ್ನು ಕಾಯ್ದುಕೊಳ್ಳುವುದೆಂದರೇನು ಎಂಬುದನ್ನು ಅವಳು ಮನೆಯಲ್ಲಿಯೇ ಕಲಿತಿರುತ್ತಾಳೆ. ಹೆತ್ತವರು ಮಾಡಬೇಕಾದುದು ಇಷ್ಟೇ: ಮನೆಯಲ್ಲಿ ಯಾರೂ ಎಲ್ಲಿಗೂ ಹೊರಡದಿದ್ದರೂ ಸರಿ, ಈ ವಾರವೇ ಆ ಪೆಟ್ಟಿಗೆಯನ್ನು ಕೆಳಗಿಳಿಸಿ, ಜನನ ಪತ್ರ, ಶಾಲೆಯ ದಾಖಲೆ, ಆಧಾರ್ ಮೂರನ್ನೂ ಒಂದರ ಪಕ್ಕ ಒಂದಿಟ್ಟು ಮಗುವಿನ ಹೆಸರನ್ನು ಅಕ್ಷರ ಅಕ್ಷರವಾಗಿ ಓದಿ ನೋಡುವುದು.