ಕಾವಲಿಯ ಕಪ್ಪು ಕೊಳೆಯೇ?

ಹೊಳೆಯುವ ಪಾತ್ರೆ ಶುದ್ಧ, ಕಪ್ಪಾದ ಪಾತ್ರೆ ಮಲಿನ ಎಂಬ ನಂಬಿಕೆಯು ನಮ್ಮಲ್ಲಿ ಆಳವಾಗಿ ಬೇರೂರಿದೆ. ಹಿತ್ತಾಳೆಯ ಬಿಂದಿಗೆಗೂ ದೇವರ ದೀಪಗಳಿಗೂ ಇದು ಒಪ್ಪುವ ಮಾತೇ. ಆದರೆ ಇದೇ ಅಳತೆಗೋಲನ್ನು ದೋಸೆಯ ಕಾವಲಿಗೂ ರೊಟ್ಟಿಯ ಹೆಂಚಿಗೂ ಬೇಕರಿಯ ತಗಡಿನ ಅಚ್ಚುಗಳಿಗೂ ಹಿಡಿಯುವುದು ತಪ್ಪೆಂದು ನನ್ನ ಅಭಿಪ್ರಾಯ. ಈ ತಪ್ಪನ್ನು ಸ್ವತಃ ಮಾಡಿ ಅನುಭವಿಸಿದವನಾದ್ದರಿಂದ ವಾಚಕರ ಮುಂದೆ ಇದನ್ನು ಇಡಲು ನನಗೆ ಸ್ವಲ್ಪ ಅಧಿಕಾರ ಉಂಟೆಂದು ಭಾವಿಸುತ್ತೇನೆ.

ಮಾಗಡಿಯ ನಮ್ಮ ಮನೆಯಲ್ಲಿ ಅಜ್ಜಿಯ ಕಾಲದ ಒಂದು ಕಬ್ಬಿಣದ ಕಾವಲಿ ಇದೆ. ಕೆಲವು ವರ್ಷಗಳ ಹಿಂದೆ ಆಯುಧಪೂಜೆಯ ಹಿಂದಿನ ದಿನ ಮಚ್ಚು, ಕುಡುಗೋಲು, ಈಳಿಗೆಮಣೆಗಳನ್ನು ಉಜ್ಜುವ ಕೆಲಸವು ನನ್ನ ಪಾಲಿಗೆ ಬಂದಿತು. ಕೈಗೆ ಹುರುಪು ಬಂದ ಮೇಲೆ ಕಾವಲಿಯನ್ನೂ ಎಳೆದುಕೊಂಡು, ಪಾತ್ರೆ ತೊಳೆಯುವ ಪುಡಿಯನ್ನು ಹಾಕಿ, ಉಕ್ಕಿನ ನಾರಿನಿಂದ ಒಂದು ಗಂಟೆಯ ಕಾಲ ತಿಕ್ಕಿದೆನು. ಕಪ್ಪೆಲ್ಲ ಹೋಗಿ ಬೂದುಬಣ್ಣದ ಲೋಹವು ಹೊರಬಿದ್ದಿತು. ನಾನು ಹೆಮ್ಮೆಯಿಂದ ತಂದು ತೋರಿಸಿದರೆ ನಮ್ಮ ತಾಯಿಯವರು, "ಅಯ್ಯೋ, ಏನ್ ಮಾಡ್ಬಿಟ್ಯಪ್ಪಾ! ಇದನ್ನ ಪಳಗಿಸೋಕೆ ನಿಮ್ಮಜ್ಜಿಗೆ ಎಷ್ಟು ವರ್ಷ ಹಿಡೀತೋ!" ಎಂದು ಅಲ್ಲಿಯೇ ಕುಳಿತುಬಿಟ್ಟರು. ಬೆಳಗಾಗುವಷ್ಟರಲ್ಲಿ ಅದರ ಮೈಮೇಲೆ ಕೆಂಪು ತುಕ್ಕು ಹರಡಿತ್ತು. ತುಕ್ಕನ್ನು ಒರೆಸಿ ಹಿಟ್ಟು ಹುಯ್ದರೆ ದೋಸೆಯು ಚೂರುಚೂರಾಗಿ ಎದ್ದಿತು. ಹಬ್ಬಕ್ಕೆ ಬಂದಿದ್ದ ಸೋದರಮಾವನವರು ಉಪ್ಪಿಟ್ಟನ್ನು ತಿನ್ನುತ್ತ, ಕಾಲೇಜಿನಲ್ಲಿ ಯಾವ ವಿಷಯವನ್ನು ಬೋಧಿಸುತ್ತೀಯೆ ಎಂದು ನನ್ನನ್ನು ಮತ್ತೊಮ್ಮೆ ವಿಚಾರಿಸಿದರು.

ನಾನು ಕಿತ್ತುಹಾಕಿದ್ದ ಆ ಕಪ್ಪು ಏನು? ಅದು ಮಸಿಯೂ ಅಲ್ಲ, ಸೀದ ಹಿಟ್ಟೂ ಅಲ್ಲ. ಎಣ್ಣೆಯ ಅಣುಗಳಲ್ಲಿ ಇಂಗಾಲದ ಉದ್ದನೆಯ ಸರಪಣಿಗಳಿರುತ್ತವೆ. ಕೆಲವು ಎಣ್ಣೆಗಳ ಸರಪಣಿಯಲ್ಲಿ ಅಲ್ಲಲ್ಲಿ ಜೋಡಿಬಂಧಗಳು ಇರುತ್ತವೆ. ಕಾದ ಕಬ್ಬಿಣದ ಮೇಲೆ ಇಂತಹ ಎಣ್ಣೆಯನ್ನು ತೆಳ್ಳಗೆ ಸವರಿದಾಗ, ಗಾಳಿಯ ಆಮ್ಲಜನಕವು ಈ ಜೋಡಿಬಂಧಗಳ ಬಳಿ ಕೆಲಸಮಾಡಿ ಒಂದು ಅಣುವನ್ನು ಇನ್ನೊಂದಕ್ಕೆ ಹೆಣೆಯುತ್ತದೆ. ಹೀಗೆ ಹೆಣೆದುಕೊಂಡ ಅಣುಗಳ ಬಲೆಯೇ ಆ ಪೊರೆ. ಬಾಗಿಲಿಗೆ ಬಳಿದ ಅಗಸೆ ಎಣ್ಣೆಯ ಬಣ್ಣವು ಒಣಗಿ ಗಟ್ಟಿಯಾಗುವುದೂ ಇದೇ ಕ್ರಿಯೆಯಿಂದ. ಈ ಪೊರೆಯು ಇನ್ನು ಎಣ್ಣೆಯಲ್ಲ. ನೀರಿಗೆ ಕರಗುವುದಿಲ್ಲ, ಬಟ್ಟೆಗೆ ಅಂಟುವುದಿಲ್ಲ. ಲೋಹದ ಮೇಲಿನ ಸೂಕ್ಷ್ಮವಾದ ಹಳ್ಳತಿಟ್ಟುಗಳನ್ನು ತುಂಬಿ ನುಣುಪಾಗಿಸುತ್ತದೆ. ನೀರನ್ನೂ ಗಾಳಿಯನ್ನೂ ಕಬ್ಬಿಣದಿಂದ ದೂರವಿಟ್ಟು ತುಕ್ಕನ್ನು ತಡೆಯುತ್ತದೆ. ಇದನ್ನು ಕೊಳೆಯೆಂದು ತೆಗೆಯುವುದು, ಕಿಟಕಿಯ ಸರಳುಗಳಿಗೆ ಹಚ್ಚಿದ ಬಣ್ಣವನ್ನು ಕೊಳೆಯೆಂದು ಕೆರೆದುಹಾಕಿದಂತೆ.

ಇಲ್ಲಿ ನಮ್ಮ ಸೀಮೆಯ ಹೊಲಗಳ ಒಂದು ವಿಶೇಷವನ್ನು ಹೇಳಬೇಕು. ರಾಗಿಯ ಜೊತೆಯಲ್ಲಿ ಅಕ್ಕಡಿ ಸಾಲಾಗಿ ಬಿತ್ತುವ ಹುಚ್ಚೆಳ್ಳಿನ ಎಣ್ಣೆಯಲ್ಲಿ ಜೋಡಿಬಂಧಗಳುಳ್ಳ ಲಿನೋಲಿಕ್ ಆಮ್ಲವೇ ಹೆಚ್ಚಿನ ಪಾಲು. ಆದ್ದರಿಂದ ಅದು ಬೇಗ ಪೊರೆಗಟ್ಟುತ್ತದೆ. ಕೊಬ್ಬರಿ ಎಣ್ಣೆಯಲ್ಲಿ ಅಂತಹ ಬಂಧಗಳು ಬಹಳ ಕಡಿಮೆ. ಅದನ್ನು ಎಷ್ಟು ಸವರಿದರೂ ಎಣ್ಣೆಯಾಗಿಯೇ ಉಳಿಯುತ್ತದೆ.

ಕಪ್ಪೆಲ್ಲವೂ ಪವಿತ್ರವೆಂದು ನಾನು ಹೇಳುತ್ತಿಲ್ಲ. ಕಾವಲಿಯ ತಳಕ್ಕೆ ಹತ್ತಿದ ಸೌದೆಯ ಮಸಿಯನ್ನು ತಿಕ್ಕಲೇಬೇಕು. ದಪ್ಪನಾದ ಮಸಿಯು ಶಾಖವನ್ನು ತಡೆಯುತ್ತದೆ. ಅಂಚಿನಲ್ಲಿ ಜಿಗುಟಾಗಿ ನಿಂತ ಹಳೆಯ ಎಣ್ಣೆಯೂ, ಕರಿದುಹೋದ ಹಿಟ್ಟಿನ ಹಕ್ಕಳೆಯೂ ಕೊಳೆಯೇ ಸರಿ. ಬೆರಳಿನಿಂದ ಮುಟ್ಟಿದರೆ ಭೇದವು ತಿಳಿಯುತ್ತದೆ: ಪೊರೆಯು ನುಣ್ಣಗೆ, ಒಣಗಿ ಇರುತ್ತದೆ; ಕೊಳೆಯು ಅಂಟುತ್ತದೆ ಇಲ್ಲವೆ ಉದುರುತ್ತದೆ.

ಹಾಗಾದರೆ ತೊಳೆಯುವುದು ಹೇಗೆ? ಈ ವಿಷಯದಲ್ಲಿ ಹೋಟೆಲಿನ ದೋಸೆಭಟ್ಟರೇ ಗುರುಗಳು. ಅವರು ಕಾದ ಕಾವಲಿಯ ಮೇಲೆ ನೀರನ್ನು ಎರಚಿ, ಚೊರ್ರೆಂದು ಆವಿಯೇಳುತ್ತಿರುವಾಗಲೇ ಕಡ್ಡಿಪೊರಕೆಯಿಂದ ಗುಡಿಸಿಬಿಡುತ್ತಾರೆ. ಅಂಟಿದ ಚೂರುಗಳು ಆವಿಯ ರಭಸಕ್ಕೆ ಸಡಿಲವಾಗುತ್ತವೆ. ಪೊರೆಗೆ ಏನೂ ಆಗುವುದಿಲ್ಲ. ಇದರಿಂದ ಇನ್ನೊಂದು ಕೆಲಸವೂ ಆಗುತ್ತದೆ. ಕಾವಲಿಯು ಸುಮಾರು 200 ಡಿಗ್ರಿ ಸೆಂಟಿಗ್ರೇಡಿನಷ್ಟು ಕಾದಿದ್ದರೆ ನೀರಿನ ಹನಿಯು ಕೂಡಲೇ ಆರದೆ, ತನ್ನದೇ ಆವಿಯ ಹಾಸಿಗೆಯ ಮೇಲೆ ನಿಂತು ಮುತ್ತಿನಂತೆ ಓಡಾಡುತ್ತದೆ. ಜರ್ಮನಿಯ ವೈದ್ಯ ಲೈಡನ್‌ಫ್ರಾಸ್ಟನು 1756ರಲ್ಲಿ ವಿವರಿಸಿದ ಈ ಸಂಗತಿಯನ್ನು ನಮ್ಮ ತಾಯಿಯವರು ದಿನವೂ ಬೆರಳತುದಿಯಿಂದ ನೀರು ಚಿಮುಕಿಸಿ ಪರೀಕ್ಷಿಸುತ್ತಾರೆ. ಹನಿಯು ಓಡಾಡಿದರೆ ಕಾವು ದೋಸೆಗೆ ಅತಿಯಾಯಿತು. ಹಿಟ್ಟು ಹರಡದೆ ಸೌಟಿನ ಹಿಂದೆಯೇ ಎದ್ದುಬರುತ್ತದೆ. ಆಗ ಇನ್ನಷ್ಟು ನೀರು ಬೇಕು. ಒಂದು ಗ್ರಾಂ ನೀರು ಆವಿಯಾಗಲು ಸುಮಾರು 540 ಕ್ಯಾಲರಿ ಶಾಖವನ್ನು ಹೀರುತ್ತದೆ. ಲೆಕ್ಕ ಹಾಕಿ ನೋಡಿದರೆ, ಎರಡು ಚಮಚದಷ್ಟು, ಎಂದರೆ 10 ಗ್ರಾಂ ನೀರು ಪೂರ್ತಿಯಾಗಿ ಆವಿಯಾದರೆ, 2 ಕಿಲೋಗ್ರಾಂ ತೂಕದ ಕಾವಲಿಯ ಉಷ್ಣತೆಯನ್ನು 28 ಡಿಗ್ರಿಯಷ್ಟು ಇಳಿಸಬಲ್ಲುದು. ಈ ಲೆಕ್ಕವನ್ನು ಈಗ ನಾನು ತರಗತಿಯಲ್ಲಿ ಕೊಡುತ್ತೇನೆ. ಪುಸ್ತಕದ ಲೆಕ್ಕಗಳಿಗಿಂತ ಇದು ಹುಡುಗರಿಗೆ ಬೇಗ ಹತ್ತುತ್ತದೆ.

ಮನೆಯಲ್ಲಾದರೆ ಬಿಸಿನೀರು, ತೆಂಗಿನ ನಾರು, ಬೇಕೆನಿಸಿದರೆ ಕೊಂಚ ಸೀಗೆಪುಡಿ, ಇಷ್ಟು ಸಾಕು. ತೊಳೆದ ಮೇಲೆ ಒಲೆಯ ಮೇಲಿಟ್ಟು ಒಣಗಿಸಿ, ಎರಡು ಹನಿ ಎಣ್ಣೆಯನ್ನು ಬಟ್ಟೆಯಿಂದ ಸವರಬೇಕು. ತೊಳೆಯದೆ ಬಿಟ್ಟರೆ ಕ್ರಿಮಿಗಳು ಬೆಳೆಯವೇ ಎಂದು ಕೇಳುವವರುಂಟು. ಹಿಟ್ಟಿನ ಚೂರುಗಳು ಉಳಿಯದಂತೆ ನೋಡಿಕೊಂಡರೆ, ಮರುದಿನ ಬೇಯಿಸುವ ಕಾವಿನಲ್ಲಿ ರೋಗಾಣುಗಳು ಉಳಿಯುವಂತಿಲ್ಲ.

ಬೇಕರಿಯವರಿಗೂ ಈ ವಿದ್ಯೆ ಗೊತ್ತು. ಬ್ರೆಡ್ಡಿನ ಹೊಸ ಅಚ್ಚುಗಳನ್ನು ಅವರು ಎಣ್ಣೆ ಸವರಿ, ಗೂಡಿನಲ್ಲಿ ಕಾಯಿಸಿ, ಕಪ್ಪಾಗಿಸಿಯೇ ಬಳಸುತ್ತಾರೆ. ಹೊಳೆಯುವ ತಗಡು ಗೂಡಿನ ಗೋಡೆಗಳಿಂದ ಬರುವ ಶಾಖಕಿರಣಗಳನ್ನು ಹಿಂದಕ್ಕೆ ತಳ್ಳುತ್ತದೆ, ಕಪ್ಪು ಹೀರಿಕೊಳ್ಳುತ್ತದೆ. ಅಚ್ಚನ್ನು ತಿಕ್ಕಿ ಬೆಳ್ಳಗಾಗಿಸಿದರೆ ಬ್ರೆಡ್ಡಿನ ಬದಿಗಳು ಬಿಳಿಚಿಕೊಂಡು ಹಸಿಯಾಗಿ ಉಳಿಯುತ್ತವೆ. ಅಲ್ಯೂಮಿನಿಯಂ ತಟ್ಟೆಗಳ ರೀತಿ ಮಾತ್ರ ಬೇರೆ. ಆ ಲೋಹವನ್ನು ಕಾಯುವುದು ಅದರದೇ ಆಕ್ಸೈಡಿನ ಪೊರೆ. ಅದರ ದಪ್ಪ ಒಂದು ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಕೆಲವೇ ಭಾಗ. ಹುಣಿಸೆಹುಳಿಯೂ ಅದನ್ನು ಕರಗಿಸುತ್ತದೆ, ವಾಷಿಂಗ್ ಸೋಡವೂ ಕರಗಿಸುತ್ತದೆ. ಆದ್ದರಿಂದ ಅಲ್ಯೂಮಿನಿಯಂ ತಟ್ಟೆಯನ್ನು ಸೋಡದ ನೀರಿನಲ್ಲಿ ರಾತ್ರಿಯೆಲ್ಲ ನೆನೆಹಾಕುವ ರೂಢಿಯನ್ನು ಬಿಡುವುದು ಲೇಸು.

ಈಗಿನ ಮನೆಗಳಲ್ಲಿ ಕಬ್ಬಿಣದ ಕಾವಲಿಯು ಗುಜರಿಗೆ ಹೋಗಿ, ಟೆಫ್ಲಾನ್ ಲೇಪದ ತವೆಯು ಬರುತ್ತಿದೆ. ಆ ವಸ್ತುವನ್ನು ಅಮೆರಿಕದ ಪ್ಲಂಕೆಟ್ಟನು 1938ರಲ್ಲಿ ಅಕಸ್ಮಾತ್ತಾಗಿ ಕಂಡುಹಿಡಿದನು. 1954ರಲ್ಲಿ ಫ್ರಾನ್ಸಿನ ಗ್ರೆಗುವಾರನು ಅದನ್ನು ಪಾತ್ರೆಗೆ ಅಂಟಿಸಿದನು. ಜಾಣ್ಮೆಯ ಕೆಲಸವೇ, ಸಂದೇಹವಿಲ್ಲ. ಆದರೆ ಆ ಲೇಪವು ಗೀಚಿಹೋದರೆ ಮನೆಯಲ್ಲಿ ಮತ್ತೆ ಬೆಳೆಸಲಾಗದು. ಬರಿದಾದ ತವೆಯು ಒಲೆಯ ಮೇಲೆ 350 ಡಿಗ್ರಿಯನ್ನು ಮೀರಿ ಕಾದರೆ ಲೇಪವು ಒಡೆದು ಹಾನಿಕರವಾದ ಹೊಗೆಯನ್ನು ಬಿಡುತ್ತದೆ. ಕಬ್ಬಿಣದ ಪೊರೆಯಾದರೋ ಕೆಟ್ಟಷ್ಟು ಸಲವೂ ಮತ್ತೆ ಬೆಳೆಯುತ್ತದೆ. 1800ರಲ್ಲಿ ಈ ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ನನು, ಮಾಗಡಿಯ ಸುತ್ತಿನಲ್ಲಿ ಕಬ್ಬಿಣದ ಅದುರನ್ನು ಕರಗಿಸುತ್ತಿದ್ದುದನ್ನೂ, ಚನ್ನಪಟ್ಟಣದಲ್ಲಿ ವಾದ್ಯಗಳಿಗಾಗಿ ಉಕ್ಕಿನ ತಂತಿಯನ್ನು ಎಳೆಯುತ್ತಿದ್ದುದನ್ನೂ ಬರೆದಿಟ್ಟಿದ್ದಾನೆ. ಅಂತಹ ಊರಿನವರಾದ ನಾವು ಕಾವಲಿಯನ್ನು ಕಿಲೋ ಲೆಕ್ಕದಲ್ಲಿ ತೂಗಿ ಕೊಡುವುದನ್ನು ಕಂಡರೆ ನನಗೆ ವ್ಯಸನವಾಗುತ್ತದೆ.

ಕಬ್ಬಿಣದ ಪಾತ್ರೆಯ ಪರವಾಗಿ ಆರೋಗ್ಯದ ಮಾತೊಂದನ್ನು ಆಡುವುದುಂಟು; ಅದನ್ನು ಎಚ್ಚರದಿಂದ ಆಡಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವಯಸ್ಸಿನ ಸ್ತ್ರೀಯರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಇದೆ. ಇಥಿಯೋಪಿಯದಲ್ಲಿ ಕಬ್ಬಿಣದ ಪಾತ್ರೆಯ ಅಡಿಗೆಯನ್ನುಂಡ ಮಕ್ಕಳಲ್ಲಿ ರಕ್ತಹೀನತೆ ತಗ್ಗಿದುದನ್ನು 1999ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯು ಪ್ರಕಟಿಸಿತು. ಆದರೆ ಚೆನ್ನಾಗಿ ಪಳಗಿದ ಕಾವಲಿಯ ಪೊರೆಯು ಕಬ್ಬಿಣವನ್ನು ಮುಚ್ಚುವುದರಿಂದ ದೋಸೆಗೆ ಇಳಿಯುವ ಕಬ್ಬಿಣವು ಅಲ್ಪ. ಬಾಣಲೆಯಲ್ಲಿ ಹುಳಿ ಹಾಕಿ ಕುದಿಸುವ ಗೊಜ್ಜಿಗೆ ಹೆಚ್ಚು ಇಳಿಯುತ್ತದೆ. ಆದರೆ ಆ ಹುಳಿಯೇ ಪೊರೆಯನ್ನೂ ತಿನ್ನುತ್ತದೆ. ಹೀಗಾಗಿ ಗೊಜ್ಜಿಗೆ ಒಂದು, ದೋಸೆಗೆ ಒಂದು ಎಂದು ಎರಡು ಕಬ್ಬಿಣಗಳನ್ನು ಇಟ್ಟುಕೊಳ್ಳುವುದು ಯುಕ್ತ. ಹೇಗಾದರೂ ಕಾವಲಿಯು ವೈದ್ಯರ ಮಾತ್ರೆಗೆ ಬದಲಾಗಲಾರದು.

ನಮ್ಮ ಮನೆಯ ಕಾವಲಿಯನ್ನು ಸರಿಪಡಿಸುವ ಭಾರವೂ ನನ್ನ ಮೇಲೆಯೇ ಬಿದ್ದಿತು. ತುಕ್ಕನ್ನು ಹುಣಿಸೆಹಣ್ಣಿನಿಂದ ತೆಗೆದು, ಹುಚ್ಚೆಳ್ಳೆಣ್ಣೆಯನ್ನು ಧಾರಾಳವಾಗಿ ಬಳಿದು ಕಾಯಿಸಿದೆನು. ಅದು ಹಲಸಿನ ಮೇಣದಂತೆ ಜಿಗುಟಾಯಿತು. ದಪ್ಪ ಪದರದ ಒಳಕ್ಕೆ ಆಮ್ಲಜನಕವು ತಲಪದೆಂಬುದು ಆಮೇಲೆ ಹೊಳೆಯಿತು. ಅದನ್ನು ಕೆರೆದು, ಎರಡನೆಯ ಸಲ ಎಣ್ಣೆಯನ್ನು ಸವರಿ, ಸವರಿದ್ದೇ ಇಲ್ಲವೆಂಬಂತೆ ಒರೆಸಿ, ಹೊಗೆಯಾಡುವ ತನಕ ಕಾಯಿಸಿ ಆರಿಸಿದೆನು. ದಿನಕ್ಕೊಂದರಂತೆ ಆರು ಸಂಜೆ ಹೀಗೆ ಮಾಡಿದ ಮೇಲೆ ತಾಯಿಯವರು ಅದರ ಮೇಲೆ ಈರುಳ್ಳಿಯ ಹೋಳನ್ನು ಉಜ್ಜಿ ದೋಸೆ ಹುಯ್ದರು. ಮೊದಲ ಮೂರು ದೋಸೆಗಳು ಹರಿದವು. ದೀಪಾವಳಿಯ ಹೊತ್ತಿಗೆ ಒಂದೂ ಹರಿಯಲಿಲ್ಲ. ಅಂದಿನಿಂದ ಆಯುಧಪೂಜೆಯ ಹಿಂದಿನ ದಿನ ಕಾವಲಿಯನ್ನು ಅಟ್ಟದ ಮೇಲೆ ಇಟ್ಟುಬಿಡುತ್ತಾರೆ. ಪೂಜೆಯ ಹೊತ್ತಿಗೆ ಕೆಳಗಿಳಿಸಿ, ಹಿಡಿಯ ಬಳಿ ಒಂದು ಬೊಟ್ಟು ಕುಂಕುಮವನ್ನು ಇಟ್ಟು, ನನ್ನ ಕೈಗೆ ಕೊಡದೆ ಒಳಕ್ಕೆ ತೆಗೆದುಕೊಂಡು ಹೋಗುತ್ತಾರೆ.