ವಿಲೇವಾರಿಯಾದ ಅರ್ಜಿ



ಮೊನ್ನೆ ಬೆಳಿಗ್ಗೆ ಪತ್ರಿಕೆಯ ಮಡಿಕೆಯೊಳಗೆ ನಮ್ಮ ಶಾಸಕರ ಕರಪತ್ರ ಬಂತು. ನಾಲ್ಕು ಪುಟಗಳ ಬಣ್ಣದ ಕಾಗದ. ಕ್ಷೇತ್ರದ ಸುದ್ದಿಯೆಲ್ಲ ಅದರಲ್ಲಿತ್ತು: ಸಿಮೆಂಟ್ ರಸ್ತೆ, ಚರಂಡಿ, ಬಸ್ ತಂಗುದಾಣ, ಸಮುದಾಯ ಭವನದ ಗುದ್ದಲಿ ಪೂಜೆ. ಇದನ್ನು ನಾನು ಹಳಿಯುವುದಿಲ್ಲ. ಗೆದ್ದವರು ಮನೆಮನೆಗೆ ಲೆಕ್ಕ ಕೊಡುವುದು ಒಳ್ಳೆಯ ರೂಢಿ. ರಸ್ತೆ ಆಗಿರುವುದೂ ನಿಜ. ಸಂಘದ ಸಭೆಗೆ ನಾನು ಅದರ ಮೇಲೇ ನಡೆದು ಹೋಗುತ್ತೇನೆ. (ಸಮುದಾಯ ಭವನದಲ್ಲಿ ನಡೆಯುವ ಮದುವೆಗಳಿಗೆ ಎಷ್ಟು ಕೊಟ್ಟರು, ಎಷ್ಟು ತೆಗೆದುಕೊಂಡರು ಎನ್ನುವ ಲೆಕ್ಕವನ್ನು ಮಾತ್ರ ಯಾರೂ ಅಚ್ಚು ಹಾಕಿಸುವುದಿಲ್ಲ.)

ಕೊನೆಯ ಪುಟದಲ್ಲಿ ಜನಸಂಪರ್ಕ ಸಭೆಯ ವರದಿ. ಬಂದ ಅರ್ಜಿಗಳೆಲ್ಲ ವಿಲೇವಾರಿಯಾಗಿವೆ ಎಂದು ದಪ್ಪ ಅಕ್ಷರದಲ್ಲಿದೆ. ಅವುಗಳಲ್ಲಿ ಒಂದನ್ನು ಬರೆದುಕೊಟ್ಟವಳು ನಾನೇ. ಅರ್ಜಿ ನಮ್ಮ ಸಂಘದ ಒಬ್ಬ ತಂಗಿಯದು. ಮದುವೆಯಾಗಿ ಮೂರು ವರ್ಷ. ತವರಿನಿಂದ ಬೈಕಿಗೆ ದುಡ್ಡು ತಾ ಎಂದು ಹೊಡೆತ. ಸಂಘದಿಂದ ಅವಳು ಎತ್ತಿದ ಸಾಲವೂ ಗಂಡನ ಜೇಬಿಗೇ ಹೋಗಿತ್ತು. ಕಂತನ್ನು ಮಾತ್ರ ಅವಳು ಕೂಲಿ ಮಾಡಿ ಕಟ್ಟುತ್ತಿದ್ದಳು. ಅರ್ಜಿ ಓದಿದ ಶಾಸಕರು ಅಲ್ಲಿಂದಲೇ ಠಾಣೆಗೆ ಫೋನ್ ಮಾಡಿದರು. "ಸಂಸಾರದ ವಿಷಯ, ಇಬ್ಬರನ್ನೂ ಕೂರಿಸಿ ರಾಜಿ ಮಾಡಿ ಕಳಿಸಿ" ಎಂದರು. ಗಂಡ ಮುಚ್ಚಳಿಕೆ ಬರೆದುಕೊಟ್ಟ. ಅವಳು ಅದೇ ಮನೆಗೆ ಹೋದಳು. ಎರಡೇ ವಾರದಲ್ಲಿ, ಮುರಿದ ಕೈಯೊಂದಿಗೆ ತವರು ಸೇರಿದಳು.

ಇದಕ್ಕೆ ವಿಲೇವಾರಿ ಎಂದು ಹೆಸರು!

ಶಾಸಕರು ಕೆಟ್ಟವರೆಂದು ನಾನು ಹೇಳುತ್ತಿಲ್ಲ. ಗಂಡನ ಮನೆಯಲ್ಲಿ ಏಳು ಓಟು, ಅವಳದು ಒಂದು. ಅಷ್ಟೇ.

ಆ ದಿನ ಅವರು ಮಾಡಬೇಕಿದ್ದುದು ಬೇರೆ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಡಿ ನಮ್ಮ ರಾಜ್ಯದಲ್ಲಿ ಸಿ.ಡಿ.ಪಿ.ಓ. ಅವರೇ ಸಂರಕ್ಷಣಾಧಿಕಾರಿ. ಅಂಗನವಾಡಿಯ ಕೆಲಸಕ್ಕಾಗಿ ನಾವೆಲ್ಲ ಕಂಡಿರುವ ಅಧಿಕಾರಿಯೇ. ಅರ್ಜಿಯನ್ನು ಅವರಿಗೆ ಕಳಿಸಿದ್ದರೆ ಅವರು ಘಟನಾ ವರದಿ ಬರೆದು ಮ್ಯಾಜಿಸ್ಟ್ರೇಟರಿಗೆ ಒಪ್ಪಿಸಬೇಕಾಗಿತ್ತು. ಕೋರ್ಟಿಗೆ ಅರ್ಜಿ ಸೇರಿದ ಮೇಲೆ ಮೊದಲ ವಿಚಾರಣೆ ಸಾಮಾನ್ಯವಾಗಿ 3 ದಿನದೊಳಗೆ ಆಗಬೇಕು. ಮನೆ ಯಾರ ಹೆಸರಿನಲ್ಲೇ ಇರಲಿ, ಅಲ್ಲಿ ವಾಸಿಸುವ ಹಕ್ಕು ಅವಳಿಗಿದೆ. ಅವಳ ದುಡ್ಡು ಕಿತ್ತುಕೊಳ್ಳುವುದನ್ನೂ ಈ ಕಾಯ್ದೆ ದೌರ್ಜನ್ಯವೆಂದೇ ಎಣಿಸುತ್ತದೆ. ಇನ್ನು ನಾವು 498ಎ ಎಂದು ಕರೆಯುತ್ತಿದ್ದ ಅಪರಾಧ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಮಿನಲ್ಲಿದೆ. ಕಲಂ ಬದಲಾಯಿತೆಂದು ಯಾರಾದರೂ ನಿಮ್ಮನ್ನು ವಾಪಸು ಕಳಿಸಿದರೆ ನಂಬಬೇಡಿ.

ಮುಂದಿನ ಜನಸಂಪರ್ಕ ಸಭೆಗೆ ನಮ್ಮ ಸಂಘದವರೆಲ್ಲ ಹೋಗುತ್ತಿದ್ದೇವೆ. ಕೇಳುವುದು ಎರಡೇ. ಮುಂದಿನ ಕರಪತ್ರದಲ್ಲಿ ರಸ್ತೆಯ ಲೆಕ್ಕದ ಪಕ್ಕದಲ್ಲೇ ತಾಲ್ಲೂಕಿನಲ್ಲಿ ಎಷ್ಟು ಘಟನಾ ವರದಿಗಳನ್ನು ಬರೆಯಲಾಯಿತು ಎಂಬುದೂ ಬರಲಿ. ಮಹಿಳಾ ಸಹಾಯವಾಣಿ 181 ಮೊದಲ ಪುಟದಲ್ಲಿರಲಿ. ನಿಮ್ಮ ಊರಿನ ಕರಪತ್ರದಲ್ಲಿ ಏನಿದೆ, ಏನಿಲ್ಲ ಎಂದು ನಮಗೆ ಬರೆದು ತಿಳಿಸಿ.

ಆ ತಂಗಿಯೂ ನಮ್ಮೊಂದಿಗೆ ಬರುತ್ತಾಳೆ. ಈ ಸಲ ಅರ್ಜಿಯನ್ನು ಅವಳೇ ಬರೆಯುತ್ತಿದ್ದಾಳೆ, ಎಡಗೈಯಲ್ಲಿ.